ಲಾಲಪ್ಪನ ನಾಲಿಗೆ

ಮಿಜೋರಾಮಿನಿಂದ ಬಂದವನ ಹೆಸರು ಲಾಲ್‌ರಿನ್‌ಮಾವಿಯಾ.
ಸಿರವಾರ ದಾಟುವ ಹೊತ್ತಿಗೆ ಜನರ ಬಾಯಲ್ಲಿ
ಅದು ಲಾಲಪ್ಪ ಆಗಿತ್ತು.
"ನೇಪಾಳದೋನೇನ್ರಿ ಟೀಚರ್?" ಅಂದರು.
"ಗೂರ್ಖಾ ಪಾಸ್ಟರ್ ಬಂದಾನ" ಎಂದು ಹುಡುಗರು ಓಡಿದರು.
ಅವನು ನಕ್ಕ. ನಗುವುದಕ್ಕೆ ನಾನು ಬೇಕಿರಲಿಲ್ಲ.

ಮಿಕ್ಕಿದ್ದಕ್ಕೆಲ್ಲ ನಾನು.
ಅವನ ಹಿಂದಿ ಮೊಣಕಾಲು ಮುರಿದದ್ದು,
ನನ್ನದು ಹೈಸ್ಕೂಲಿನ ಕಪ್ಪುಹಲಗೆಯದು;
ಎರಡನ್ನೂ ಜೋಡಿಸಿ ಕಟ್ಟಿ ನಾಲ್ಕು ದಿನ, ಒಂಬತ್ತು ಚರ್ಚು,
ಬಾಡಿಗೆಯ ಟಾಟಾ ಏಸ್, ಹಿಂದೆ ಹಾರ್ಮೋನಿಯಂ,
ಕೊಬ್ಬರಿ ಎಣ್ಣೆಯ ಡಬ್ಬ, ನೀರಿನ ಕ್ಯಾನು.
ಫೆಬ್ರುವರಿಗೇ ಬಂಡೆ ಸುಡುತ್ತಿದ್ದವು.
ಇಷ್ಟೊಂದು ಕಲ್ಲು ಯಾರು ತಂದಿಟ್ಟರು, ಕೇಳಿದ.
ಉತ್ತರ ಹೊಳೆಯಲಿಲ್ಲ.

ಕವಿತಾಳದ ತಗಡಿನ ಚರ್ಚಿನಲ್ಲಿ ಹೇಳಿದ:
"ನಮ್ಮ ಬೆಟ್ಟದಲ್ಲಿ ಮೋಡ ಮನೆಯೊಳಗೇ ಬರುತ್ತದೆ,
ಅನ್ನದ ತಟ್ಟೆಯ ಮೇಲೆ ಕೂರುತ್ತದೆ. ಕೃಪೆಯೂ ಹಾಗೆ."
ಜಮಖಾನದ ಮೇಲೆ ಕೂತಿದ್ದವರು
ಮೋಡ ನೋಡಿ ನೋಡಿ ಕುತ್ತಿಗೆ ನೋಯಿಸಿಕೊಂಡವರು.
ನಾನಂದೆ: "ಹತ್ತಿ ಬಿಡಿಸೂ ಮುಂದ
ಅರಳಿ ಹಾರಿ ಬಂದು ಕೂದಲಕ್ಕ ಅಂಟ್ತದಲ್ಲ,
ಝಾಡಿಸಿದ್ರೂ ಹೋಗಂಗಿಲ್ಲ, ಹಂಗ."
ಹೆಂಗಸರು ತಲೆಯ ಸೆರಗು ಮುಟ್ಟಿಕೊಂಡರು. ಸ್ತೋತ್ರ, ಸ್ತೋತ್ರ.
ಅವನಿಗೆ ಗೊತ್ತಾಗಲಿಲ್ಲ. ನಾನು ಹೇಳಲೂ ಇಲ್ಲ.

ಪ್ರಾರ್ಥನೆಗೆ ಸಾಲು ನಿಲ್ಲುತ್ತಿತ್ತು. ಸಕ್ಕರೆ ಕಾಯಿಲೆ, ಸೊಂಟ,
ಮದುವೆ ಕೂಡಿಬರದ ಮಗಳ ಫೋಟೋ,
ಹಾಲು ಬತ್ತಿದ ಎಮ್ಮೆಯ ಹಗ್ಗ ಮಾತ್ರ ತಂದವನೊಬ್ಬ.
ಲಾಲಪ್ಪ ಹಗ್ಗದ ಮೇಲೂ ಕೈಯಿಟ್ಟ, ಕಣ್ಣು ಮುಚ್ಚಿ.
ಪೋತ್ನಾಳದ ಮುದುಕಿ ಎಣ್ಣೆ ಹಚ್ಚಿಸಿಕೊಂಡು
"ಕೈ ಬೆಚ್ಚಗದಾವ, ಇನ್ನೊಂದೀಟು ಇರಲಿ" ಅಂದಳು.
ಅದನ್ನು ಹಿಂದಿಗೆ ತಂದೆ. ಅವನು ಕೈ ತೆಗೆಯಲಿಲ್ಲ.
ಊಟ ಆರಿಹೋಯಿತು.

ಹಟ್ಟಿಯಲ್ಲಿ ರಾತ್ರಿ ಸಭೆ.
ಹನೋಕಪ್ಪ, ಗಣಿಯೊಳಗೆ ಇಪ್ಪತ್ತೆರಡು ವರ್ಷ.
"ಬಂಗಾರ ಮ್ಯಾಲೆ ಕಳಿಸಿ ಧೂಳಾ ಮನಿಗೆ ತಂದಾನ್ರಿ"
ಎಂದಳು ಹೆಂಡತಿ, ಚರ್ಚಿನ ರಿಜಿಸ್ಟರಿನಲ್ಲಿ ರೂತಮ್ಮ,
ರೇಷನ್ ಕಾರ್ಡಿನಲ್ಲಿ ದುರುಗಮ್ಮ,
ಎಕ್ಸ್‌ರೇ ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿಯುತ್ತಾ.

ಲಾಲಪ್ಪ ಅವನ ತಲೆ ಮೇಲೆ ಕೈಯಿಟ್ಟ.
ಹಿಂದಿ ಮುಗಿಯಿತು. ತನ್ನ ಬೆಟ್ಟದ ಭಾಷೆಗೆ ಹೋದ.
ಅದೂ ಮುಗಿಯಿತು.
ಜನ ನನ್ನ ಬಾಯಿ ನೋಡಿದರು.
ತರ್ಜುಮೆಗೆ ಏನಿತ್ತು, ಫ್ಯಾನು ತಿರುಗುವ,
ಆ ಎದೆ ಕುಯ್ಯೆನ್ನುವ ಸದ್ದು ಬಿಟ್ಟರೆ?
"ಏನಂದ್ರ ಟೀಚರ್?" ರೂತಮ್ಮ.
"ಏನೂ ಅಂದಿಲ್ಲ. ಅಳಾಕತ್ಯಾರ" ಎಂದೆ.
ಒಂಬತ್ತು ಚರ್ಚುಗಳಲ್ಲಿ
ತಪ್ಪಿಲ್ಲದೆ ದಾಟಿಸಿದ್ದು ಅದೊಂದೇ.

ರಾಯಚೂರು ಸ್ಟೇಷನ್ನಿನ ಬೆಂಚಿನಲ್ಲಿ ಒಂದು ಫಾರಂ ಬಿಡಿಸಿದ:
ಊರು, ಬಂದವರು, ಗುಣವಾದವರು.
ಮೂರನೆಯ ಖಾನೆಯಲ್ಲಿ ಪೆನ್ನು ಊರಿ ಬಹಳ ಹೊತ್ತು ಕೂತ.
ಚಹಾ ತಂದುಕೊಟ್ಟೆ. ಏನು ಬರೆದನೋ ನೋಡಲಿಲ್ಲ.

ಶ್ರಾವಣದಲ್ಲಿ ಹನೋಕಪ್ಪ ಹೋದ.
ಮಣ್ಣು ಮುಗಿಸಿ ಬಂದು ಕೂತಾಗ ರೂತಮ್ಮ ಹೇಳಿದಳು:
"ಆ ರಾತ್ರಿ ಅಂಗಾತ ಮಕ್ಕೊಂಡಿದ್ನರಿ, ಗ್ವಾಡಿಗೆ ಆನದಂಗ.
ಎರಡು ವರ್ಷದಾಗ ಅದೊಂದಾ ರಾತ್ರಿ.
ಸತ್ತಾನೇನೋ ಅಂತ ಮೂಗಿಗೆ ಕೈ ಹಿಡಿದು ನೋಡಿದೆ."
ಲಾಲಪ್ಪನಿಗೆ ಫೋನು ಮಾಡಹೋದೆ.
ಅಂಗಾತ ಎಂಬುದಕ್ಕೆ ಹಿಂದಿಯಲ್ಲಿ ಪದವೇನೋ ಇತ್ತು,
ತೂಕ ಸಾಲಲಿಲ್ಲ.

ದೀಪಾವಳಿಯ ಮರುದಿನ ಸಂಜೆ ಗ್ರಹಣ.
ಓಣಿಯ ಹುಡುಗರು ಬಂದು ಎಕ್ಸ್‌ರೇ ಹಾಳೆ ಬೇಡಿದರು.
ರೂತಮ್ಮ ಟ್ರಂಕು ತೆಗೆದು ಕೊಟ್ಟಳು.
ಕೈಯಿಂದ ಕೈಗೆ ಹೋಯಿತು ಹಾಳೆ,
ಗಣಿಯ ಗೋಪುರದ ಪಕ್ಕ ಇಳಿಯುತ್ತಿದ್ದ ಸೂರ್ಯನ ಕಡೆಗೆ.
ನನ್ನ ಪಾಳಿ ಬಂತು.
ಎಡಗಡೆ, ನಾಲ್ಕನೆಯ ಪಕ್ಕೆಲುಬಿನ ಕೆಳಗೆ,
ಆ ಬಿಳಿ ಧೂಳಿನ ನಡುವೆ
ಕಚ್ಚಿಟ್ಟ ರೊಟ್ಟಿಯಂಥ ಬೆಳಕು.
"ಏನ್ ಕಾಣ್ತದ್ರಿ ಟೀಚರ್? ಹೇಳ್ರಿ,"
ಹಿಂದಿನಿಂದ ಹುಡುಗರು.